ಕುಂಬ್ರಿಗದ್ದೆಗೆ ಸಂಕ ಬೇಡ ಎಂದವರು ಯಾರು?

ತೀರ್ಥಹಳ್ಳಿ
೪ ಆಗಸ್ಟ್ ೨೦೨೪

ಮಾನ್ಯ ವಿನಯಾ ಅವರಿಗೆ,

ಹೋದ ತಿಂಗಳು ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ, ಹೊಸನಗರ ತಾಲ್ಲೂಕಿನ ಕುಂಬ್ರಿಗದ್ದೆಯ ಹಳ್ಳದಲ್ಲಿ ಪೂರ್ಣೇಶ್ ಕೊಚ್ಚಿಹೋದ. ಅವನಿಗೆ ಇಪ್ಪತ್ತೊಂದು ವರ್ಷ. ಆ ಹಳ್ಳಕ್ಕೆ ಈ ವರ್ಷ ಕಾಲುಸಂಕ ಇರಲಿಲ್ಲ. ಸಂಕ ಹಾಕಬೇಡಿ ಎಂದು ಫೆಬ್ರವರಿಯಲ್ಲಿ ಆ ಊರಿನ ಹುಡುಗರಿಗೆ ಹೇಳಿಕೊಟ್ಟದ್ದು ನಿಮ್ಮ ಮುಂಬೆಳಗು ಪ್ರತಿಷ್ಠಾನ. ಹೇಳಿದ ಬಾಯಿ ನಿಮ್ಮದು. ಕೇಳಿದ ಕಿವಿಗಳಲ್ಲಿ ಎರಡು ನನ್ನವು.

ನನ್ನನ್ನು ಮರೆತಿರಲಾರಿರಿ. ‘ನನ್ನೂರು ನನ್ನ ದನಿ’ ಎಂಬ ನಿಮ್ಮ ಯುವಜನ ಕಾರ್ಯಕ್ರಮದ ಆ ಶಿಬಿರಕ್ಕೆ ಹೊಸನಗರದಲ್ಲಿ ದೀಪ ಹಚ್ಚಲು ಕರೆದಿದ್ದಿರಿ. ಕಾಲೇಜಿನ ಗ್ರಂಥಪಾಲಕನಾಗಿ ನಿವೃತ್ತನಾದವನು, ಹುಡುಗರಿಗೆ ಪುಸ್ತಕ ಕೊಟ್ಟು ಓದಿಸಿದವನು, ನಾಲ್ಕು ಮಾತು ಹೇಳಲಿ ಎಂದಿದ್ದಿರಿ. ಅವತ್ತು ನಾನು ನಿಮ್ಮನ್ನು ಮಗಳೇ ಎಂದು ಕರೆದಿದ್ದೆ. ಇವತ್ತು ಮಾನ್ಯ ಎಂದು ಬರೆಸಿದ್ದೇನೆ.

ನೀವು ಸಾಗರದವರು, ಸಂಕವೆಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ಈ ಪತ್ರ ಬೆಂಗಳೂರಿನ ನಿಮ್ಮ ನಿರ್ದೇಶಕರ ಮೇಜಿಗೂ ಹೋಗಬೇಕು, ಅದಕ್ಕಾಗಿ ಹೇಳುತ್ತೇನೆ. ಕುಂಬ್ರಿಗದ್ದೆಯಲ್ಲಿ ಬೇಸಿಗೆ ಶುರುವಾಗುತ್ತಲೇ ಪ್ರತಿ ಮನೆಯವರೂ ಒಂದೆರಡು ಹಳೆಯ ಅಡಿಕೆ ಮರ ಕಡಿದು ಬಿಸಿಲಿಗೆ ಹಾಕುತ್ತಾರೆ. ಮೇ ಕೊನೆಗೆ ಮರ ಒಣಗಿ ಹಗುರಾಗಿ, ಮೈ ಒರಟಾಗಿ, ಕಾಲು ಜಾರದಂತಾಗುತ್ತದೆ. ಆಗ ಮನೆಗೊಬ್ಬರು ಬಂದು ಆ ಮರಗಳನ್ನು ಹಳ್ಳದ ಮೇಲೆ ಅಡ್ಡ ಹಾಸಿ ಸಂಕ ಕಟ್ಟುತ್ತಾರೆ. ಯಾರ ಮನೆಯ ಮರ ಸಂಕದಲ್ಲಿ ಇಲ್ಲವೋ ಆ ಮನೆ ಊರಿನ ಲೆಕ್ಕದಲ್ಲಿ ಇಲ್ಲ. ಕಟ್ಟಿದ ಮೇಲೆ ಮೊದಲು ದಾಟುವುದು ಆ ವರ್ಷ ಹೊಸದಾಗಿ ಶಾಲೆಗೆ ಸೇರುವ ಮಗು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ನಮ್ಮನ್ನೆಲ್ಲ ಊರಿನಿಂದ ಎಬ್ಬಿಸಿದ ಕಾಲದಲ್ಲಿ ನಾನೂ ಹಾಗೊಂದು ಸಂಕದ ಮೇಲೆ ಸ್ಲೇಟು ಹಿಡಿದು ದಾಟಿದ ಮಗು.

ಈ ವರ್ಷ ನಿಮ್ಮ ಮಾತು ಕೇಳಿ ಹುಡುಗರು ಮರ ಕಡಿಯಲು ಬಿಡಲಿಲ್ಲ. ನಿಮ್ಮ ತಂಡದ ನಾಯಕನೆಂದು ನೀವೇ ಆರಿಸಿದ ನಿಶಾಂತ್ ಮನೆಮನೆಗೆ ಹೋಗಿ ಹಿರಿಯರನ್ನು ಒಪ್ಪಿಸಿದ. ಮಾರ್ಚ್ ಕೊನೆಗೆ ನೀವು ಹೊಸನಗರದ ಕೆಲಸ ಮುಗಿಸಿ ಹೊರಟಿರಿ. ಸರ್ಕಾರದಿಂದ ಬರುತ್ತದೆಂದಿದ್ದ ಕಾಂಕ್ರೀಟ್ ಸಂಕ ಬರಲಿಲ್ಲ, ಮಳೆ ಬಂತು.

ಈಗ ಊರು ನಿಶಾಂತನೇ ಪೂರ್ಣೇಶನನ್ನು ಕೊಂದ ಎನ್ನುತ್ತಿದೆ. ನೀವು ಕುಂಬ್ರಿಗದ್ದೆಗೆ ಬಂದು, ಪೂರ್ಣೇಶನ ತಾಯಿ ತುಂಗಮ್ಮನ ಎದುರು, ಊರವರ ಎದುರು, ಆ ಸಲಹೆ ಯಾರದೆಂದು ಹೇಳಬೇಕು. ಹೆಚ್ಚೇನೂ ಕೇಳುತ್ತಿಲ್ಲ.

ಮುಕುಂದಯ್ಯ

*

ಮುಂಬೆಳಗು ಪ್ರತಿಷ್ಠಾನ, ಸಾಗರ ಕಚೇರಿ
೨೯ ಆಗಸ್ಟ್ ೨೦೨೪

ಗೌರವಾನ್ವಿತ ಮುಕುಂದಯ್ಯ ಸರ್ ಅವರಿಗೆ,

ನಮಸ್ಕಾರಗಳು. ತಮ್ಮ ಪತ್ರ ತಲುಪಿದೆ. ಎಪ್ಪತ್ತು ದಾಟಿದ ಮೇಲೂ ಎಷ್ಟು ದುಂಡಗಿನ, ಸ್ಪಷ್ಟವಾದ ಕೈಬರಹ! ಈ ಕಾಲದಲ್ಲಿ ಇಂಥ ಪತ್ರ ಬರುವುದೇ ಅಪರೂಪ.

ಪೂರ್ಣೇಶ್ ಅವರ ಅಗಲಿಕೆ ನಮ್ಮ ಇಡೀ ತಂಡಕ್ಕೆ ಆಘಾತ ತಂದಿದೆ. ಕಚೇರಿಯಲ್ಲಿ ಮೌನಾಚರಣೆ ಮಾಡಿದೆವು. ಆದರೆ ಒಂದು ವಿಷಯವನ್ನು ವಿನಯದಿಂದ ತಿಳಿಸಬೇಕಾಗಿದೆ. ನಮ್ಮ ಕಾರ್ಯಕ್ರಮಗಳಲ್ಲಿ ನಾವು ಯಾವ ನಿರ್ಧಾರವನ್ನೂ ಹೇರುವುದಿಲ್ಲ. ಯುವಜನರು ತಮ್ಮ ಸಮಸ್ಯೆಯನ್ನು ತಾವೇ ಗುರುತಿಸಿ, ತಾವೇ ದಾರಿ ಹುಡುಕುವಂತೆ ಜೊತೆಗಿರುವುದಷ್ಟೇ ನಮ್ಮ ಪಾತ್ರ. ಈ ವರ್ಷ ಸಂಕ ಹಾಕದಿರುವುದು ಸಮುದಾಯದ ಸ್ವಂತ ನಿರ್ಧಾರವಾಗಿತ್ತು.

ಪೂರ್ಣೇಶ್ ಹೆಸರಿನಲ್ಲಿ ಪ್ರತಿ ವರ್ಷ ಒಬ್ಬ ಯುವ ನಾಯಕರಿಗೆ ಪ್ರಶಸ್ತಿ ಕೊಡುವ ಯೋಚನೆ ಇದೆ. ನಮ್ಮಲ್ಲಿರುವ ಚಿತ್ರಗಳಲ್ಲಿ ಅವರು ಸಂಸ್ಥೆಯ ಟೋಪಿ ಹಾಕಿಕೊಂಡಿದ್ದಾರೆ, ಮುಖ ಸರಿಯಾಗಿ ಕಾಣುವುದಿಲ್ಲ. ಕುಟುಂಬದಿಂದ ಒಳ್ಳೆಯ ಫೋಟೋ ಸಿಕ್ಕಿದರೆ ಉಪಕಾರ.

ನಿಶಾಂತ್ ಫೋನ್ ಎತ್ತುತ್ತಿಲ್ಲ. ಅವರು ಸಿಕ್ಕರೆ ದಯವಿಟ್ಟು ಮಾನಸಿಕ ಆರೋಗ್ಯದ ಸಹಾಯವಾಣಿಗೆ ಕರೆ ಮಾಡಲು ಹೇಳಿ. ಸಂಖ್ಯೆ ಹಿಂಬದಿಯಲ್ಲಿದೆ.

ತಮ್ಮ ವಿಶ್ವಾಸಿ,
ವಿನಯಾ
ಕಾರ್ಯಕ್ರಮ ವ್ಯವಸ್ಥಾಪಕಿ

*

ತೀರ್ಥಹಳ್ಳಿ
೮ ಸೆಪ್ಟೆಂಬರ್ ೨೦೨೪

ಮಾನ್ಯರೇ,

ಸಮುದಾಯದ ಸ್ವಂತ ನಿರ್ಧಾರ! ಹೊಸನಗರದ ಆ ಸಭಾಂಗಣಕ್ಕೆ ನಿಮ್ಮನ್ನು ಒಮ್ಮೆ ವಾಪಸ್ ಕರೆದುಕೊಂಡು ಹೋಗುತ್ತೇನೆ.

ಗೋಡೆಗೆ ಚಾರ್ಟು ಅಂಟಿಸಿ ‘ಕನಸಿನ ಮರ’ ಬರೆಸಿದ್ದಿರಿ. ಹುಡುಗರು ಹಳದಿ ಚೀಟಿಗಳಲ್ಲಿ ತಮ್ಮ ಊರಿಗೆ ಬೇಕಾದದ್ದು ಬರೆದು ಎಲೆಗಳ ಹಾಗೆ ಅಂಟಿಸಿದರು. ಕುಂಬ್ರಿಗದ್ದೆಯವರು ಬರೆದದ್ದು ಒಂದೇ, ಗಟ್ಟಿ ಸಂಕ. ಆಗ ನೀವು ಎದ್ದು ನಿಂತು ಹೇಳಿದಿರಿ: “ವರ್ಷಾ ವರ್ಷಾ ನೀವೇ ತೇಪೆ ಹಾಕ್ತಾ ಹೋದ್ರೆ ಹರಿದಿದ್ದು ಸರ್ಕಾರಕ್ಕೆ ಕಾಣೋದು ಹೇಗೆ? ಈ ವರ್ಷ ಸಂಕ ಹಾಕ್ಬೇಡಿ. ಖಾಲಿ ಹಳ್ಳ ತೋರ್ಸಿ. ಫೋಟೋ ತೆಗೀರಿ, ವಿಡಿಯೋ ಮಾಡಿ.”

ಪೂರ್ಣೇಶ್ ಹಿಂದಿನ ಸಾಲಿನಲ್ಲಿದ್ದ. ತಮಾಷೆಯ ಹುಡುಗ. “ಅಕ್ಕಾ, ಮಳೆಗಾಲ್ದಲ್ಲಿ ನಮ್ಮ ಶ್ರಾವ್ಯಾ ಶಾಲಿಗೆ ಹಾರ್ಕಂಡು ಹೋಗ್ಬೇಕಾ?” ಎಂದು ಕೇಳಿದ. ಶ್ರಾವ್ಯಾ ಅವನ ತಂಗಿ, ಎಂಟನೇ ಕ್ಲಾಸು. ಎಲ್ಲರೂ ನಕ್ಕರು. ನೀವೂ ನಕ್ಕು, “ಮಳೆ ಬರೋದ್ರೊಳಗೆ ಕಾಂಕ್ರೀಟ್ ಮೇಲೆ ಕೈಬೀಸ್ಕೊಂಡು ಹೋಗ್ತಾಳೆ ನೋಡ್ತಿರು. ಅಲ್ಲಿವರೆಗೂ ನಾವೆಲ್ಲಿಗೂ ಹೋಗಲ್ಲ” ಎಂದಿರಿ. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯನ್ನೇ ನಿರ್ಧಾರ ಎಂದು ಬರೆದುಕೊಂಡಿರಾ?

ನನ್ನ ನೆನಪು ಉದ್ದ, ಅದು ನನ್ನ ದುರದೃಷ್ಟ. ನಾನು ತರುಣನಾಗಿದ್ದಾಗ ಯುವಕ ಮಂಡಲ ಮಾಡಿಸಿದರು. ಕೇರಂ ಬೋರ್ಡು ಕೊಟ್ಟರು, ಪೌಡರು ಮುಗಿದ ಮೇಲೆ ಯಾರೂ ಬರಲಿಲ್ಲ. ಆಮೇಲೆ ಅಕ್ಷರ ಕಲಿಸಲು ಹುಡುಗರಿಗೆ ಲಾಟೀನು ಕೊಟ್ಟರು. ಆಮೇಲೆ ಸ್ವಉದ್ಯೋಗವೆಂದು ಮೇಣದಬತ್ತಿ ಮಾಡುವುದನ್ನು ಕಲಿಸಿದರು, ಅದನ್ನು ಯಾರಿಗೆ ಮಾರಬೇಕೆಂದು ಕಲಿಸಲಿಲ್ಲ. ಈಗ ನಾಯಕತ್ವ ಕಲಿಸುತ್ತೀರಿ. ಬಂದವರೆಲ್ಲ ಒಂದೊಂದು ಬೋರ್ಡು ನೆಟ್ಟು ಹೋಗಿದ್ದಾರೆ. ಕುಂಬ್ರಿಗದ್ದೆಯಲ್ಲಿ ಒಂದು ಬೋರ್ಡನ್ನು ಕಿತ್ತು ಕೊಟ್ಟಿಗೆಗೆ ಬಾಗಿಲು ಮಾಡಿದ್ದಾರೆ. ಊರಿಗೆ ಉಪಯೋಗಕ್ಕೆ ಬಂದದ್ದು ಅದೊಂದೇ. ಆದರೂ ಹೇಳುತ್ತೇನೆ, ಆ ಹಳಬರು ಕೊಟ್ಟದ್ದು ಕಡಿಮೆ ಇರಬಹುದು, ಊರಿನಲ್ಲಿ ಇದ್ದದ್ದನ್ನು ಬಿಡಿಸಿ ಹೋಗಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಶ್ರಾವ್ಯಾ ಶಾಲೆ ಬಿಟ್ಟು ಮನೆಯಲ್ಲಿ ಕೂತಳು. ನಿಶಾಂತ್ ಮತ್ತು ಪೂರ್ಣೇಶ್, ಸಂಕದ ಕೆಲಸಕ್ಕೆ ಯಾವಾಗಲೂ ಮುಂದೆ ನಿಲ್ಲುವ ಉಮೇಶನ ಬಳಿಗೆ ಹೋಗಿ ಕೈಮುಗಿದು ಕೇಳಿದರು. ಅವನು ಹೇಳಿದ್ದು ಇದು: “ನಾವು ಓದ್ದೇ ಇದ್ದೋರು ಮಾರಾಯ್ರಾ, ನಮ್ಗೆಂತ ಗೊತ್ತಾಗ್ತದೆ? ನೀವು ತರಬೇತಿ ತಗಂಡೋರು. ಟೋಪಿ ಹಾಕ್ಕಂಡು ಫೋಟೋ ತೆಗ್ಸಿದ್ರಲ್ಲ, ಅದನ್ನೇ ಹಾಸ್ಕಂಡು ದಾಟಿ.” ಉಮೇಶ ಕೆಟ್ಟವನಲ್ಲ. ಏಪ್ರಿಲ್‌ನಲ್ಲಿ ಅವನು ಕೊಡಲಿ ಹಿಡಿದು ಹೊರಟಾಗ ಇದೇ ಹುಡುಗರು ದಾರಿಯಲ್ಲಿ ತಡೆದಿದ್ದರು. ಆ ಅವಮಾನ ಅವನಲ್ಲಿ ಇನ್ನೂ ಹಸಿಯಾಗಿತ್ತು.

ಕಡೆಗೆ ಇಬ್ಬರೇ ಎರಡು ಮರ ಕಡಿದರು. ಮಳೆಯಲ್ಲಿ ಕಡಿದ ಹಸಿ ಅಡಿಕೆ ಮರ ಮೀನಿನ ಮೈಯ ಹಾಗೆ ಜಾರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಸೋಮವಾರ ಶ್ರಾವ್ಯಾ ಪರೀಕ್ಷೆಗೆ ಹೋಗಬೇಕಿತ್ತು. ಭಾನುವಾರ ಮರ ಹಾಕಿ, “ಚೀಲದ ಭಾರ ಹೊತ್ತು ದಾಟ್ಬೋದಾ ಅಂತ ನಾನು ಮೊದ್ಲು ನೋಡ್ತೀನಿ, ಅವ್ಳ ಚೀಲ ಕೊಡು” ಎಂದು ತಂಗಿಯ ಚೀಲ ಹೆಗಲಿಗೆ ಹಾಕಿಕೊಂಡು ಪೂರ್ಣೇಶ್ ಹೆಜ್ಜೆ ಇಟ್ಟ. ಚೀಲ ಕೆಳಗಿನ ಬಿದಿರುಮೆಳೆಯಲ್ಲಿ ಅದೇ ದಿನ ಸಿಕ್ಕಿತು. ಅವನು ಸಿಗಲು ಇನ್ನೆರಡು ದಿನ ಬೇಕಾಯಿತು.

ತುಂಗಮ್ಮ ನನ್ನ ಹತ್ತಿರ ಹೇಳಿದ್ದನ್ನು ಹಾಗೆಯೇ ಬರೆಸುತ್ತೇನೆ. “ನಿಶಾಂತ ಕೊಂದ ಅಂತಾರೆ ಅಯ್ಯಾ. ಅಂವ ನಮ್ಮನೆ ಅನ್ನ ಉಂಡು ಬೆಳ್ದ ಹುಡುಗ. ಅಂವ ಅಲ್ಲ ಅಂತ ನಂಗೊತ್ತು. ಮತ್ಯಾರು ಅಂತ ಯಾರೂ ಹೇಳ್ತಿಲ್ಲ.”

ಫೋಟೋ ಕೇಳಿದ್ದಿರಿ. ತುಂಗಮ್ಮನ ಮನೆಯಲ್ಲಿ ಇರುವುದೂ ನಿಮ್ಮ ಟೋಪಿ ಹಾಕಿಕೊಂಡ ಫೋಟೋವೇ.

ಮುಕುಂದಯ್ಯ

*

ಸಾಗರ
೨೦ ನವೆಂಬರ್ ೨೦೨೪

ಪೂಜ್ಯ ಮುಕುಂದಯ್ಯನವರಿಗೆ,

ಇದನ್ನು ಮನೆಯಿಂದ ಬರೆಯುತ್ತಿದ್ದೇನೆ. ನಿಮ್ಮ ಸೆಪ್ಟೆಂಬರ್ ಪತ್ರವನ್ನು ಕಚೇರಿಯಿಂದ ಮನೆಗೆ ತಂದು ದೇವರ ಗೂಡಿನ ಪಕ್ಕ ಇಟ್ಟಿದ್ದೆ. ನಿನ್ನೆ ಅಮ್ಮ ಕಸ ಗುಡಿಸುತ್ತ ಕೇಳಿದಳು, “ಆ ಕಾಗದ ಆವತ್ತಿಂದ ಇಲ್ಲೇ ಇದ್ದು. ಎಂತಕ್ಕೆ ಉತ್ತರ ಬರದ್ದಿಲ್ಲೆ ನೀನು?”

ನಿಮಗೊಬ್ಬರಿಗೆ ಹೇಳುತ್ತೇನೆ. ಹೊಸನಗರದ ಕೆಲಸ ಮಾರ್ಚ್‌ಗೆ ನಿಲ್ಲುತ್ತದೆಂದು ಜನವರಿಯಲ್ಲೇ ನನಗೆ ತಿಳಿದಿತ್ತು. ಧನಸಹಾಯ ಕೊಡುವವರು ಬೇರೆ ಜಿಲ್ಲೆ ಆರಿಸಿಕೊಂಡಿದ್ದರು. ನಮ್ಮ ನಿರ್ದೇಶಕ ರಾಜೇಂದ್ರ ಅವರು, ತಂಡಗಳಿಗೆ ಈಗಲೇ ಹೇಳಬೇಡಿ, ಹುಡುಗರ ಉತ್ಸಾಹ ಇಳಿದರೆ ಕೊನೆಯ ಕಾರ್ಯಕ್ರಮಗಳು ಕೆಡುತ್ತವೆ ಎಂದರು. ವರದಿಗೆ ಒಂದು ಗಟ್ಟಿ ಹೋರಾಟದ ಕಥೆ ಬೇಕಾಗಿತ್ತು. ಖಾಲಿ ಹಳ್ಳದ ವಿಡಿಯೋ ನೋಡಿದರೆ ಯಾರಾದರೂ ಅಧಿಕಾರಿ ಕರಗುತ್ತಾರೆಂದು ನಾನು ನಿಜವಾಗಿ ನಂಬಿದ್ದೆ. ಬೇರೆ ಕಡೆ ಹಾಗೆ ಆದದ್ದೂ ಉಂಟು.

ಜೂನ್‌ನಲ್ಲಿ ಪೂರ್ಣೇಶ್ ಫೋನ್ ಮಾಡಿದ್ದ. ಹೆಸರು ನೋಡಿದೆ, ಎತ್ತಲಿಲ್ಲ. ಮೀಟಿಂಗಿನಲ್ಲಿದ್ದೇನೆ ಎಂದು ಮೆಸೇಜು ಕಳಿಸಿದೆ. ನಾನು ಅಡುಗೆಮನೆಯಲ್ಲಿದ್ದೆ.

ಕುಂಬ್ರಿಗದ್ದೆಗೆ ಬಂದು ಎಲ್ಲರೆದುರು ಹೇಳಲು ನನ್ನಿಂದಾಗದು. ಒಂದು ಮಾತು ಹೊರಗೆ ಬಿದ್ದರೆ ಎಲ್ಲ ತಾಲ್ಲೂಕುಗಳ ಕೆಲಸ ನಿಲ್ಲುತ್ತದೆ, ಅಲ್ಲಿಯ ಮಕ್ಕಳಿಗೆ ನಷ್ಟ ಎಂದು ರಾಜೇಂದ್ರ ಹೇಳುತ್ತಾರೆ. ನಿಶಾಂತನ ಜೊತೆ ನಾನು ಒಬ್ಬಳೇ, ಎಲ್ಲಾದರೂ ಮಾತಾಡುತ್ತೇನೆ. ನಿಜ ಹೇಳಬೇಕೆಂದರೆ ಅವನನ್ನು ನಾಯಕನಾಗಿ ಆರಿಸಿದ್ದೇ ಸರಿಯಾಗಲಿಲ್ಲ. ಅವನಿಗೆ ಸ್ವಂತ ಯೋಚನೆ ಕಡಿಮೆ, ಹೇಳಿದ್ದನ್ನು ಮಾಡುವ ಹುಡುಗ. ಅಕ್ಷರ ಚೆನ್ನಾಗಿದೆಯೆಂದು ಮಾರ್ಕರ್ ಅವನ ಕೈಗೆ ಕೊಟ್ಟೆವು. ಮಾರ್ಕರ್ ಹಿಡಿದವನೇ ನಾಯಕನಾಗಿಬಿಟ್ಟ. ಪೂರ್ಣೇಶ್ ನಾಯಕನಾಗಿದ್ದರೆ ಬಹುಶಃ ನನ್ನ ಮಾತು ಕೇಳುತ್ತಿರಲಿಲ್ಲ.

ಮುಂದಿನ ತಿಂಗಳು ನನ್ನನ್ನು ಯಾದಗಿರಿಗೆ ಕಳಿಸುತ್ತಿದ್ದಾರೆ. ಈ ಪತ್ರವನ್ನು ದಯವಿಟ್ಟು ಯಾರಿಗೂ ತೋರಿಸಬೇಡಿ. ನೀವು ಒಮ್ಮೆ ನನ್ನನ್ನು ಮಗಳೇ ಎಂದು ಕರೆದಿದ್ದಿರಿ, ಆ ಸಲುಗೆಯಿಂದ ಕೇಳುತ್ತಿದ್ದೇನೆ.

ವಿನಯಾ

*

ತೀರ್ಥಹಳ್ಳಿ
೫ ಡಿಸೆಂಬರ್ ೨೦೨೪

ವಿನಯಾ,

ನಿನ್ನ ಪತ್ರವನ್ನು ಯಾರಿಗೂ ತೋರಿಸಬಾರದೆಂಬುದು ಕೊನೆಯ ಸಾಲುಗಳಲ್ಲಿತ್ತು. ಅಲ್ಲಿಗೆ ಬರುವಷ್ಟರಲ್ಲಿ ತಡವಾಗಿತ್ತು.

ಜುಲೈನಲ್ಲಿ ನನ್ನ ಕಣ್ಣಿನ ಪೊರೆ ತೆಗೆದರು. ಒಂದು ಕಣ್ಣು ಸರಿಹೋಗಲಿಲ್ಲ, ಇನ್ನೊಂದು ಮೊದಲಿನಿಂದಲೂ ಮಂಜು. ನಾನೀಗ ಓದಲಾರೆ, ಬರೆಯಲಾರೆ. ಪೂರ್ಣೇಶನ ತಿಥಿ ಮುಗಿದ ವಾರ ನಿಶಾಂತ್ ಒಂದು ಚೀಲ ಹಿಡಿದು ನನ್ನ ಬಾಗಿಲಿಗೆ ಬಂದ. ಊರಿನಲ್ಲಿ ಅವನಿಗೆ ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಅವನು ಬಂದರೆ ಅಂಗಡಿಯ ಕಟ್ಟೆಯಿಂದ ಎದ್ದು ಹೋಗುತ್ತಿದ್ದರು, ಅಷ್ಟೆ. ಅಂದಿನಿಂದ ಇಲ್ಲೇ ಇದ್ದಾನೆ. ನಾನು ಹೇಳಿದ್ದನ್ನು ಬರೆದವನು ಅವನು. ನೀನು ಹೊಗಳಿದ ದುಂಡಗಿನ ಅಕ್ಷರ ಅವನದು. ಎರಡು ವರ್ಷ ನಿನ್ನ ಚಾರ್ಟುಗಳನ್ನೆಲ್ಲ ಬರೆದ ಅಕ್ಷರ, ನೀನು ಗುರುತು ಹಿಡಿಯುತ್ತೀ ಎಂದುಕೊಂಡಿದ್ದೆ. ಅವನೂ ಅಂದುಕೊಂಡಿದ್ದ. ಅವನಿಗಾಗಿ ನೀನು ಸಹಾಯವಾಣಿಯ ಸಂಖ್ಯೆ ಕಳಿಸಿದೆ, ಅದನ್ನೂ ಅವನೇ ಓದಿ ಹೇಳಿದ.

ನಿನ್ನ ಪತ್ರವನ್ನು ಜಗಲಿಯಲ್ಲಿ ಕೂತು ಅವನು ಗಟ್ಟಿಯಾಗಿ ಓದಿದ. ಅಡುಗೆಮನೆಯ ಸಾಲಿನ ಹತ್ತಿರ ನಿಲ್ಲಿಸಿ ಎದ್ದುಹೋಗಿ ನೀರು ಕುಡಿದು ಬಂದ. “ಸ್ವಂತ ಯೋಚನೆ ಕಡಿಮೆ” ಎಂಬ ಸಾಲನ್ನು ಒಂದೂ ಅಕ್ಷರ ನುಂಗದೆ ಓದಿದ. ನಾನು ಸಾಕು ಎಂದೆ. ಅವನು ಕೊನೆಯವರೆಗೂ ಓದಿ, ಕಾಗದ ಮಡಿಸಿ, ಹೇಳಿದ: “ಅಕ್ಕ ಹೇಳಿದ್ದು ಸರಿನೇ ಅಯ್ಯಾ. ಸ್ವಂತ ಯೋಚ್ನೆ ಇದ್ದಿದ್ರೆ ಮೇ ತಿಂಗ್ಳಲ್ಲೇ ಸಂಕ ಹಾಕಿಸ್ತಿದ್ದೆ.”

ಈಗಲೂ ನಿನ್ನನ್ನು ಅಕ್ಕ ಎನ್ನುತ್ತಾನೆ. ಈ ವಾಕ್ಯ ಬರೆಯಲು ಅವನಿಗೆ ಇಷ್ಟವಿರಲಿಲ್ಲ, ನಾನು ಬರೆಸಿದೆ.

ನನ್ನ ಕಿವಿಯಲ್ಲಿ ಹೇಳಿದ್ದರಿಂದ ನಿನ್ನ ಎದೆ ಹಗುರಾಗಿರಬಹುದು. ನಿಶಾಂತನ ಮೇಲಿನ ಭಾರ ಗುಲಗಂಜಿಯಷ್ಟೂ ಇಳಿದಿಲ್ಲ. ನಿನ್ನ ನವೆಂಬರ್ ಪತ್ರವನ್ನು ನಾನು ಯಾವ ಪತ್ರಿಕೆಗೂ ಕೊಡುವುದಿಲ್ಲ. ಅದು ನಿನ್ನದು. ನನಗೆ ಹೇಳಿದ್ದನ್ನು ತುಂಗಮ್ಮನಿಗೆ, ಊರವರ ಎದುರಿಗೆ, ನೀನೇ ಹೇಳಬೇಕು.

ಮುಕುಂದಯ್ಯ

*

ಯಾದಗಿರಿ
೨೮ ಏಪ್ರಿಲ್ ೨೦೨೫

ಗೌರವಾನ್ವಿತ ಶ್ರೀ ಮುಕುಂದಯ್ಯ ಅವರಿಗೆ,

ಮೇ ೧೮ರ ಭಾನುವಾರ ಸಾಗರದಲ್ಲಿ ಪ್ರತಿಷ್ಠಾನದ ಯುವ ಸಮಾವೇಶ ನಡೆಯಲಿದ್ದು, ಮೊದಲ ‘ಪೂರ್ಣೇಶ್ ಯುವ ಧೈರ್ಯ ಪ್ರಶಸ್ತಿ’ಯನ್ನು ಪ್ರದಾನ ಮಾಡಲಾಗುವುದು. ಶ್ರೀಮತಿ ತುಂಗಮ್ಮ ಅವರಿಗೆ ವೇದಿಕೆಯಲ್ಲಿ ಶಾಲು ಹೊದೆಸಿ ಗೌರವಿಸಲಾಗುವುದು. ಅವರ ಪ್ರಯಾಣಕ್ಕೆ ವಾಹನದ ವ್ಯವಸ್ಥೆ ಇದೆ. ವಾರ್ಷಿಕ ವರದಿಯ ಒಂದು ಪ್ರತಿಯನ್ನು ಇದರೊಂದಿಗೆ ಕಳಿಸಿದೆ.

ಕುಂಬ್ರಿಗದ್ದೆಯ ವಿಷಯದಲ್ಲಿ ಮುಂದಿನ ಪತ್ರವ್ಯವಹಾರವನ್ನು ಬೆಂಗಳೂರಿನ ಮುಖ್ಯ ಕಚೇರಿಯೊಂದಿಗೆ ನಡೆಸಬೇಕಾಗಿ ಕೋರಿಕೆ. ನನ್ನ ನವೆಂಬರ್ ಪತ್ರವನ್ನು ಖಾಸಗಿ ಎಂದು ಪರಿಗಣಿಸುವಿರೆಂದು ನಂಬಿದ್ದೇನೆ.

ಇತಿ,
ವಿನಯಾ

ನಿಶಾಂತ್‌ಗೆ ನಾನು ಕೇಳಿದೆನೆಂದು ತಿಳಿಸಿ.

*

ತೀರ್ಥಹಳ್ಳಿ
೬ ಮೇ ೨೦೨೫

ಶ್ರೀಮತಿ ವಿನಯಾ ಅವರಿಗೆ ಮತ್ತು ಮುಂಬೆಳಗು ಪ್ರತಿಷ್ಠಾನದ ನಿರ್ದೇಶಕ ಶ್ರೀ ರಾಜೇಂದ್ರ ಅವರಿಗೆ,

ಈ ಪತ್ರದ ಪ್ರತಿ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಪತ್ರಿಕೆಗಳಿಗೂ ಹೋಗಿದೆ. ನೀವು ಓದುವ ಹೊತ್ತಿಗೆ ಬೇರೆಯವರೂ ಓದಿರಬಹುದು.

ವಾರ್ಷಿಕ ವರದಿ ಬಂತು. ಮುಖಪುಟದಲ್ಲಿ ನಿಮ್ಮ ಟೋಪಿಯ ಕೆಳಗೆ ಪೂರ್ಣೇಶ್ ನಗುತ್ತಿದ್ದಾನೆ ಎಂದು ನಿಶಾಂತ್ ಹೇಳಿದ. ಒಳಗೆ ಒಂದು ವಾಕ್ಯ: “ಸ್ಥಳೀಯ ಯುವಕರು ಸ್ವತಂತ್ರವಾಗಿ ಕೈಗೊಂಡ ನಿರ್ಧಾರದಿಂದ ದುರದೃಷ್ಟಕರ ಘಟನೆ ನಡೆಯಿತು.” ಸತ್ತವನನ್ನು ನೀವು ಇಟ್ಟುಕೊಂಡಿರಿ. ಬದುಕಿದವನ ಮೇಲೆ ಸಾವನ್ನು ಹೊರಿಸಿದಿರಿ.

ಈ ವರ್ಷ ಕುಂಬ್ರಿಗದ್ದೆಯವರು ಬೇಸಿಗೆಗೆ ಮೊದಲೇ ಮರ ಕಡಿದಿದ್ದಾರೆ. ನಿಶಾಂತ್ ಊರಿಗೆ ಹೋಗಿ ತನ್ನ ಮನೆಯ ಹಿತ್ತಲಿನ ಎರಡು ಮರ ಕಡಿದು, ಒಬ್ಬನೇ ಎಳೆದು ತಂದು ಹಳ್ಳದ ದಂಡೆಯಲ್ಲಿ ಉಳಿದವರ ಮರಗಳ ಸಾಲಿಗೆ ಇಟ್ಟ. ಮಾರನೆಯ ದಿನ ನೋಡಿದರೆ ಆ ಎರಡು ಮರ ಸಾಲಿನಿಂದ ಆಚೆ, ದಾರಿಯ ಬದಿಗೆ ಉರುಳಿದ್ದವು. ಉಮೇಶ ತಾನೇ ಉರುಳಿಸಿದ್ದೆಂದು ಮುಚ್ಚುಮರೆಯಿಲ್ಲದೆ ಹೇಳಿದ: “ನಿನ್ನ ಮರದ ಮೇಲೆ ಯಾರೂ ಮಕ್ಳನ್ನ ದಾಟ್ಸಲ್ಲ ಕಣೋ. ತಗಂಡೋಗು.” ತುಂಗಮ್ಮ ಅಲ್ಲೇ ಇದ್ದರು. ಅವರು ಆ ಮರದ ಮೇಲೆ ಕೂತು, “ತಗಂಡೋಗದು ಬ್ಯಾಡ. ಇಲ್ಲೇ ಇರ್ಲಿ. ಸಂಕ ಬ್ಯಾಡ ಅಂದೋರು ಬಂದು ನಾವೇ ಅಂದಿದ್ದು ಅಂತ ಹೇಳ್ಲಿ. ಆಮೇಲೆ ನಾನೇ ಎತ್ತಿ ಕೊಡ್ತೀನಿ” ಎಂದರು. ಉಮೇಶ ಹೇಳಿದ, “ಹಂಗೆ ಯಾರಾದ್ರೂ ಬಂದು ಹೇಳಿದ್ರೆ ನಾನ್ಯಾಕೆ ಬ್ಯಾಡ ಅನ್ಲಿ ಅಕ್ಕಾ?”

ಸಂಕ ಕಟ್ಟುವುದು ಮೇ ಕೊನೆಯ ಭಾನುವಾರ. ಮರ ಇನ್ನೂ ದಾರಿ ಬದಿಯಲ್ಲಿದೆ, ಒಣಗುತ್ತಿದೆ. ಈ ವರ್ಷ ಅವನ ಮರ ಸಂಕಕ್ಕೆ ಸೇರದಿದ್ದರೆ ಆ ಊರಿನಲ್ಲಿ ಅವನು ಮುಂದೆಂದೂ ಮರ ಕಡಿಯುವುದಿಲ್ಲ. ಇದು ನಿಮ್ಮ ವರದಿಯಲ್ಲಿ ಬರುವಂಥದ್ದಲ್ಲ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ನಿಶಾಂತ್‌ಗೆ ಕೇಳಿದೆನೆಂದು ತಿಳಿಸಿ ಎಂದು ಬರೆದಿದ್ದಿರಿ. ತಿಳಿಸಬೇಕಾಗಿ ಬರಲಿಲ್ಲ. ಅವನೇ ಓದಿದ.

ಹದಿನೆಂಟನೇ ತಾರೀಖು ನಾವು ಬರುತ್ತೇವೆ. ತುಂಗಮ್ಮನಿಗೆ ನಿಮ್ಮ ವಾಹನ ಬೇಡ, ಬಸ್ಸಿನಲ್ಲಿ ಬರುತ್ತಾರೆ. ಶ್ರಾವ್ಯಾ ಬರುತ್ತಾಳೆ. ಉಮೇಶನೂ ಬರುತ್ತೇನೆಂದಿದ್ದಾನೆ. ನಿಶಾಂತ್ ನನ್ನ ಕೈಹಿಡಿದು ಕರೆತರುತ್ತಾನೆ. ತುಂಗಮ್ಮ ವೇದಿಕೆ ಹತ್ತುತ್ತಾರೆ, ಆದರೆ ನೀವು ಉತ್ತರ ಹೇಳುವವರೆಗೆ ಶಾಲಿಗೆ ಹೆಗಲು ಕೊಡುವುದಿಲ್ಲ.

ಸಂಕ ಹಾಕಬೇಡಿ ಎಂದು ಆ ಮಕ್ಕಳಿಗೆ ಹೇಳಿದವರು ಯಾರು? ಮಳೆಗೆ ಮೊದಲೇ ಬಿಟ್ಟುಹೋದವರು, ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿದ್ದು ಯಾಕೆ? ನಿಮ್ಮ ವರದಿಯ ಆ ವಾಕ್ಯ ಸುಳ್ಳೆಂದು, ನಿಶಾಂತನ ಮೇಲೆ ಈ ಸಾವಿನ ಹೊರೆಯಿಲ್ಲವೆಂದು, ಅವನ ಊರಿನವರು ಕೇಳುವಂತೆ ಹೇಳುತ್ತೀರಾ, ಇಲ್ಲವಾ?

ಉತ್ತರ ಕಾಗದದಲ್ಲಿ ಬೇಡ. ಮೈಕಿನಲ್ಲಿ ಹೇಳಿ.

ಮುಕುಂದಯ್ಯ
ಬರೆದವನು: ನಿಶಾಂತ್, ಕುಂಬ್ರಿಗದ್ದೆ